ಒಂದು ತಿಂಗಳು ಮನೆಯಲ್ಲೇ ಕುಡಿತ ಬಿಟ್ಟು, ಆಮೇಲೆ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಸಭೆಗೆ ಹೋದರೆ ಆಗದೇ?

ಬೇಡ, ಮೇಷ್ಟ್ರೇ. ಸಣ್ಣ ಊರು, ಸಭೆಯಲ್ಲಿ ಪರಿಚಯದವರು ಸಿಕ್ಕಿದರೆ ಮರ್ಯಾದೆ ಹೋಗುತ್ತದೆ, ಅದಕ್ಕೆ ಮೊದಲು ಬಾಗಿಲು ಹಾಕಿಕೊಂಡು ಬಿಡುತ್ತೇನೆ, ಆಮೇಲೆ ಒಳ್ಳೆಯ ಗುಂಪು ನೋಡಿ ಸೇರುತ್ತೇನೆ ಅಂದಿದ್ದೀರಿ. ಇದೇ ಲೆಕ್ಕ ನಾನೂ ಹಾಕಿದ್ದೆ.

ತುಮಕೂರಿನಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಕೊನೆಕೊನೆಗೆ ಶಟರ್ ಎತ್ತುವ ಮುಂಚೆ ಕ್ವಾರ್ಟರ್ ಒಳಗಿಳಿಯದಿದ್ದರೆ ಬಿಲ್ ಬರೆಯಲು ಕೈ ನಿಲ್ಲುತ್ತಿರಲಿಲ್ಲ. ಭಾವಮೈದ ಆಲ್ಕೊಹಾಲಿಕ್ಸ್ ಅನಾನಿಮಸ್‌ನವರ ನಂಬರ್ ತಂದುಕೊಟ್ಟ. ಫೋನ್ ಮಾಡಿದೆ. ಸಂಜೆ ಸಭೆಯಿದೆ, ಹೇಗಿದ್ದೀರೋ ಹಾಗೇ ಬನ್ನಿ ಅಂದರು. ಹೋಗಲಿಲ್ಲ. ಬಾಯಲ್ಲಿ ವಾಸನೆ ಇಟ್ಟುಕೊಂಡು, ಕುಡಿತ ಬಿಟ್ಟವರ ನಡುವೆ ಯಾವ ಮುಖದಲ್ಲಿ ಕೂರುವುದು? ಹೆಂಡತಿಗೆ ಹೇಳಿ ಮಹಡಿ ಮೇಲಿನ ರೂಮು ಸೇರಿಕೊಂಡೆ.

ರಾತ್ರಿಯಿಡೀ ಬೆವರು, ವಾಂತಿ. ಮರುದಿನ ಮಗ ಊಟದ ತಟ್ಟೆ ತಂದಾಗ ನಾನು ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದೆನಂತೆ. ಫಿಟ್ಸ್. ಪಕ್ಕದ ಮನೆಯವರು ಓಡಿಬಂದು ಕೈಗೆ ಬೀಗದ ಕೈ ಹಿಡಿಸಿದ್ದರು. (ಅದರಿಂದ ಏನೂ ಆಗುವುದಿಲ್ಲ, ಪಕ್ಕಕ್ಕೆ ಹೊರಳಿಸಿ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು.) ಆಸ್ಪತ್ರೆಯಲ್ಲಿ ಗೋಡೆ ತುಂಬ ಜರಿಗಳು ಹರಿದಾಡಿದವು, ಹೆಂಡತಿಯನ್ನೇ ಯಾರು ನೀನು ಅಂದೆನಂತೆ. ಬಲಭುಜದ ಕೀಲು ತಪ್ಪಿತ್ತು. ಆ ಕೈ ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ. ಮಗ ಎಷ್ಟೋ ಕಾಲ ಮಹಡಿ ಮೆಟ್ಟಿಲು ಒಬ್ಬನೇ ಹತ್ತುತ್ತಿರಲಿಲ್ಲ.

ಆದದ್ದೇನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ದಿನವೂ ಕುಡಿಯುವವನ ಮಿದುಳು ಆ ಮಂಕನ್ನು ಸರಿದೂಗಿಸಲು ಸದಾ ಉದ್ರೇಕದಲ್ಲೇ ಇರುವುದನ್ನು ರೂಢಿಸಿಕೊಳ್ಳುತ್ತದೆ, ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ತುಳಿದ ಹಾಗೆ. ಒಮ್ಮೆಲೇ ಬ್ರೇಕ್ ಬಿಟ್ಟರೆ? ಸಾಮಾನ್ಯವಾಗಿ ಕುಡಿತ ನಿಲ್ಲಿಸಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 2ರಿಂದ 4 ದಿನದ ಹೊತ್ತಿಗೆ ಸನ್ನಿ ಹಿಡಿಯಬಹುದು, ಅದರಲ್ಲಿ ಜೀವ ಹೋಗುವುದೂ ಉಂಟು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಬೆಳಿಗ್ಗೆ ಕುಡಿಯದಿದ್ದರೆ ಚಾಕ್‌ಪೀಸ್ ಹಿಡಿಯಲಾಗುವುದಿಲ್ಲ ಅಂತ ನೀವೇ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ಭಯವಾಯಿತು. ಡಾಕ್ಟರ ಹತ್ತಿರ ಹೋದರೆ ದಿನದಿನಕ್ಕೆ ಪ್ರಮಾಣ ಇಳಿಸುತ್ತಾ ಹೋಗುವ ಮಾತ್ರೆ, ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್ ಕೊಟ್ಟು ಈ ಗಂಡಾಂತರ ದಾಟಿಸುತ್ತಾರೆ. ಮೈಯಿಂದ ಮದ್ಯ ಇಳಿಸುವುದು ಅವರ ಕೆಲಸ. ಇಳಿದ ಮೇಲೆ ಮತ್ತೆ ಗ್ಲಾಸು ಎತ್ತದಂತೆ ಇರುವುದಕ್ಕೆ ಸಭೆ. ನಾನು ಡಾಕ್ಟರ ಕೆಲಸವನ್ನೂ ಸಭೆಯ ಕೆಲಸವನ್ನೂ ಒಬ್ಬನೇ ಮುಗಿಸಿ, ಸಭೆಗೆ ಹೋಗಲು ಯೋಗ್ಯತೆ ಗಳಿಸಲು ಹೊರಟಿದ್ದೆ.

ಆ ಯೋಗ್ಯತೆಯನ್ನು ಅಲ್ಲಿ ಯಾರೂ ಕೇಳುವುದೇ ಇಲ್ಲ. ಸದಸ್ಯನಾಗಲು ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು ಅಂತ ಎ.ಎ.ಯ ಮೂರನೇ ಸಂಪ್ರದಾಯವೇ (ಗುಂಪುಗಳು ಪಾಲಿಸುವ ಸೂತ್ರಗಳಿಗೆ ಅವರು ಸಂಪ್ರದಾಯ ಅನ್ನುತ್ತಾರೆ) ಹೇಳುತ್ತದೆ. 1935ರಲ್ಲಿ ಅದು ಶುರುವಾದದ್ದೂ ಹಾಗೇ. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಅಮೆರಿಕದ ಆಕ್ರನ್ ಊರಿಗೆ ಹೋದಾಗ ವ್ಯವಹಾರ ಕೈಕೊಟ್ಟಿತು, ಹೋಟೆಲಿನ ಬಾರ್ ಸೆಳೆಯಿತು. ಆಗ ಆತ ಹುಡುಕಿದ್ದು ಮಾತಾಡಲು ಇನ್ನೊಬ್ಬ ಕುಡುಕನನ್ನು. ಸಿಕ್ಕವರು ಡಾ. ಬಾಬ್ ಸ್ಮಿತ್, ಇನ್ನೂ ಕುಡಿಯುತ್ತಿದ್ದ ಸರ್ಜನ್. ಅವರಿಬ್ಬರಲ್ಲಿ ಯಾರಾದರೂ ನನ್ನ ನಿಮ್ಮ ಹಾಗೆ ಮೊದಲು ಪೂರ್ತಿ ಸರಿಹೋಗಿ ಆಮೇಲೆ ಭೇಟಿಯಾಗೋಣ ಅಂದುಕೊಂಡಿದ್ದರೆ ಎ.ಎ.ಯೇ ಇರುತ್ತಿರಲಿಲ್ಲ.

ಭುಜಕ್ಕೆ ಪಟ್ಟಿ ಕಟ್ಟಿಕೊಂಡೇ ನಾನು ಮೊದಲ ಸಭೆಗೆ ಹೋದೆ. ಚರ್ಚಿನ ಪಕ್ಕದ ಶಾಲೆಯ ಕೋಣೆ, ಮಕ್ಕಳ ಬೆಂಚು, ಟೀ. ಚರ್ಚ್ ಅಂದ ಕೂಡಲೇ ಅಮ್ಮ ಗಾಬರಿಯಾಗಿದ್ದರು. ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ, ಅಲ್ಲಿ ಜಾಗ ಸಿಕ್ಕಿತ್ತು ಅಷ್ಟೇ. ದೇವರ ಮಾತು ಬರುತ್ತದೆ, ಯಾವ ದೇವರು ಅನ್ನುವುದು ನಿಮಗೇ ಬಿಟ್ಟದ್ದು. ಫೀಸಿಲ್ಲ, ಹಾಜರಿ ಪುಸ್ತಕವಿಲ್ಲ. ಕೊನೆಗೆ ಒಂದು ಚೀಲ ಸುತ್ತಿ ಬಂತು, ಹಾಕಿದವರು ಹಾಕಿದರು. ಹೆಸರು ಹೇಳಿ ಸುಮ್ಮನೆ ಕೂತೆ, ಯಾರೂ ಒತ್ತಾಯ ಮಾಡಲಿಲ್ಲ. ಅವತ್ತು ಕುಡಿದು ಬಂದವರನ್ನೂ ನಮ್ಮ ಗುಂಪು ಹೊರಗೆ ಕಳಿಸುವುದಿಲ್ಲ, ಇವತ್ತು ಬರೀ ಕೇಳಿ ಅನ್ನುತ್ತಾರೆ.

ಪರಿಚಯದವರು? ಸಿಕ್ಕರು. ನನ್ನ ಅಂಗಡಿಯಲ್ಲೇ ಪೈಪು ಒಯ್ಯುತ್ತಿದ್ದ ಪ್ಲಂಬರೊಬ್ಬರು ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಅವರು ಅಲ್ಲಿಗೆ ಯಾಕೆ ಬಂದಿದ್ದರೋ ನಾನೂ ಅದಕ್ಕೇ ಬಂದಿದ್ದೆ. ಇನ್ನು ಮರ್ಯಾದೆ: ನೀವು ಕುಡಿಯುವುದು ನಿಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರುತ್ತದೆ, ಮೇಷ್ಟ್ರೇ. ಬಿಡಲು ಹೊರಟಿದ್ದೀರಿ ಅನ್ನುವುದೊಂದೇ ಅವರಿಗೆ ಗೊತ್ತಿಲ್ಲದ್ದು.

ಯಾವ ಗುಂಪು ಒಳ್ಳೆಯದು ಅಂತ ತೂಗುತ್ತಾ ಕೂರಬೇಡಿ. ಹತ್ತಿರ ಇರುವುದಕ್ಕೆ, ಈ ವಾರವೇ ನಡೆಯುವುದಕ್ಕೆ ಹೋಗಿ. ಕ್ಲೋಸ್ಡ್ ಮೀಟಿಂಗ್‌ಗೆ ಕುಡಿತ ಬಿಡಬೇಕೆನ್ನುವವರಷ್ಟೇ ಬರುತ್ತಾರೆ, ಓಪನ್ ಆದರೆ ಮನೆಯವರೂ ಬರಬಹುದು. ಊರಲ್ಲಿ ಇಲ್ಲದಿದ್ದರೆ ಬಸ್ ಹತ್ತಿ, ಇಲ್ಲವೇ ಆನ್‌ಲೈನ್ ಸಭೆ ಸೇರಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ, ಅಲ್ಲಿ ಗಟ್ಟಿಯಾಗಿ ನಿಂತವರನ್ನು ಕಂಡಿದ್ದೇನೆ. ನಿಮ್ಮ ಮನೆಯವರಿಗೆ ಅಲ್-ಅನಾನ್ ಅಂತ ಬೇರೆಯೇ ಸಭೆಯಿದೆ, ನನ್ನ ಹೆಂಡತಿಗೆ ನಿದ್ದೆ ಮರಳಿದ್ದು ಅಲ್ಲಿಗೆ ಹೋದ ಮೇಲೆ.

ಆದರೆ ಮೊದಲು ಡಾಕ್ಟರು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಾದರೂ ಸರಿ, ನಿಮ್ಹಾನ್ಸ್ ಆದರೂ ಸರಿ. ಎಲ್ಲಿ ಅಂತ ತಿಳಿಯದಿದ್ದರೆ 14446 ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ-ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಎರಡೂ ಉಚಿತ. ಅಲ್ಲಿಯವರೆಗೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ದಿನಕ್ಕೆ ಎಷ್ಟು ಅಂತ ಡಾಕ್ಟರು ಕೇಳಿದಾಗ ನಾಚಿಕೆಗೆ ಅರ್ಧ ಹೇಳಬೇಡಿ, ಮಾತ್ರೆಯ ಪ್ರಮಾಣಕ್ಕೆ ಅವರು ಆ ಮಾತನ್ನೂ ನೋಡುತ್ತಾರೆ.