ಮದುಮಗಳ ಹಿಂದೆ ನಿಂತವಳು ಯಾರು?

ಪ್ರಶ್ನೆ: ಕಳೆದ ತಿಂಗಳು ಅಕ್ಕನ ನಿಶ್ಚಿತಾರ್ಥ ಮನೆಯಲ್ಲೇ ಆಯಿತು. ಫೋಟೋ ತೆಗೆದವನು ನಾನೇ. ಎಲ್ಲರನ್ನೂ ನಡುಮನೆಯ ಸುಣ್ಣದ ಗೋಡೆ ಹತ್ತಿರ ನಿಲ್ಲಿಸಿದ್ದೆ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಹೊಡೆದರೆ ಗೋಡೆ ಮೇಲೆ ದಟ್ಟ ನೆರಳು. ಕ್ಯಾಮೆರಾ ಅಡ್ಡ ಹಿಡಿದಾಗ ಪರವಾಗಿಲ್ಲ, ಉದ್ದಕ್ಕೆ ತಿರುಗಿಸಿದರೆ ಮುಖದ ಬಲಕ್ಕೆ ಅಂಟಿಕೊಂಡೇ ಬರುತ್ತದೆ. ಯೂಟ್ಯೂಬ್ ನೋಡಿ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿದೆ. ಆಗ ಎಲ್ಲರೂ ಅರಿಶಿನ ಮೆತ್ತಿಕೊಂಡ ಹಾಗೆ ಬಂದರು. ಮದುವೆಗೆ ಮುಂಚೆ ಏನಾದರೂ ದಾರಿ ಹೇಳಿ.
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ನಿಮ್ಮ ಮನೆಯ ಮುಚ್ಚಿಗೆ ಮರದ್ದು, ಅಲ್ವಾ? ನೀವು ಬರೆದಿಲ್ಲ, ಆ ಅರಿಶಿನವೇ ಹೇಳುತ್ತಿದೆ. ಬೆಳಕು ಯಾವುದಕ್ಕೆ ಬಡಿಯುತ್ತದೋ ಅದರ ಬಣ್ಣ ಹೊತ್ತು ತರುತ್ತದೆ. ಯೂಟ್ಯೂಬಿನವರ ತಲೆ ಮೇಲೆ ಬಿಳಿ ಬಣ್ಣ ಬಳಿದ ಆರ್‌ಸಿಸಿ. ನಮ್ಮ ತಲೆ ಮೇಲೆ ಹೊಗೆ ಕುಡಿದ ಹಲಸಿನ ಹಲಗೆ. ಅದು ಬೆಳಕನ್ನೂ ಕುಡಿಯುತ್ತದೆ ಮಾರಾಯ್ರೇ.

ನೆರಳಿನ ಪಾಠ ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಶಿವಮೊಗ್ಗದಲ್ಲಿ ಸ್ಟುಡಿಯೋ ಇಟ್ಟ ಹೊಸತು, ರೀಲಿನ ಕಾಲ. ಕೊಪ್ಪದ ಹತ್ತಿರ ಒಂದು ಮದುವೆ. 36 ಫೋಟೋದ ರೀಲು ಮೂರು ಮುಗಿಸಿದ್ದೆ. ಆಲ್ಬಂ ಕೊಡಲು ಹೋದಾಗ ಅಜ್ಜಿಯೊಬ್ಬರು ಕನ್ನಡಕ ಏರಿಸಿ ಕೇಳಿದರು: "ಮದುಮಗಳ ಹಿಂದೆ ಕರಿ ಸೀರೆ ಉಟ್ಕೊಂಡು ನಿಂತವಳು ಯಾರಾ?" ನಾನು ಕಾಫಿ ಮುಗಿಸದೆ ಎದ್ದು ಬಂದೆ.

ತಪ್ಪು ಫ್ಲ್ಯಾಶಿನದಲ್ಲ, ನಾನು ಅವರನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದೆ. ನೀವು ಮಾಡಿದ್ದೂ ಅದೇ. ಅಕ್ಕನನ್ನು ಗೋಡೆಯಿಂದ ಆರು ಅಡಿ ಮುಂದಕ್ಕೆ ಕರೆಯಿರಿ. ನೀವು ಅವರಿಂದ ಆರು ಅಡಿ ದೂರದಲ್ಲಿದ್ದರೆ ಗೋಡೆ ನಿಮಗೆ 12 ಅಡಿ ಆಯಿತು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಗೋಡೆಯೇ ಮಂಕಾಗುತ್ತದೆ, ಅದರಲ್ಲಿ ನೆರಳು ಅಷ್ಟಾಗಿ ಕಾಣುವುದಿಲ್ಲ.

ಇನ್ನು ಅಡ್ಡ–ಉದ್ದದ ವಿಷಯ. ಅಡ್ಡ ಹಿಡಿದಾಗ ಫ್ಲ್ಯಾಶ್ ಲೆನ್ಸಿನ ನೆತ್ತಿ ಮೇಲಿರುತ್ತದೆ. ನೆರಳು ಕೆಳಕ್ಕೆ ಬಿದ್ದು ಮೈ ಹಿಂದೆಯೇ ಅಡಗುತ್ತದೆ. ಉದ್ದಕ್ಕೆ ತಿರುಗಿಸಿದರೆ ಫ್ಲ್ಯಾಶ್ ಎಡಕ್ಕೆ ಬರುತ್ತದೆ, ನೆರಳು ಬಲಕ್ಕೆ ಇಣುಕುತ್ತದೆ. ಒಂದು ರೇಡಿಯೋ ಟ್ರಿಗರ್ ತಗೊಳ್ಳಿ, ಬಿಚ್ಚಿಟ್ಟ ಫ್ಲ್ಯಾಶನ್ನು ತಂತಿಯಿಲ್ಲದೆ ದೂರದಿಂದಲೇ ಹೊಡೆಸುವ ಸಾಧನ ಅದು. ಫ್ಲ್ಯಾಶ್ ಬಿಚ್ಚಿ, ಎತ್ತರದ ತಮ್ಮನೊಬ್ಬನ ಕೈಗೆ ಕೊಟ್ಟು, ಅಕ್ಕನ ತಲೆಗಿಂತ ಎರಡು ಅಡಿ ಮೇಲೆ, ಸ್ವಲ್ಪ ಪಕ್ಕದಿಂದ ಹಿಡಿಸಿ. ನೆರಳು ಬೆನ್ನ ಹಿಂದೆ ನೆಲದ ಕಡೆ ಇಳಿಯುತ್ತದೆ.

ಅಂಚು ಮೆತ್ತಗಾಗಬೇಕಾದರೆ ಬೆಳಕಿನ ಮೈ ದೊಡ್ಡದಾಗಬೇಕು. ರಾತ್ರಿ ಕರೆಂಟು ಹೋದಾಗ (ಮಳೆಗಾಲದಲ್ಲಿ ಕಾಯಬೇಕಾಗಿಯೇ ಇಲ್ಲ!) ಮೊಬೈಲ್ ಟಾರ್ಚ್ ಮುಂದೆ ಕೈ ಒಡ್ಡಿ ನೋಡಿ. ಗೋಡೆ ಮೇಲೆ ಬೆರಳೂ ಎಣಿಸಬಹುದು. ಈಗ ಟಾರ್ಚಿಗೆ ಒಂದೂವರೆ ಅಡಿ ಮುಂದೆ, ಕೈಗಿಂತ ಈಚೆಗೆ, ಬಿಳಿ ಪಂಚೆಯೊಂದನ್ನು ಹಿಡಿಸಿ. ಬೆರಳ ಅಂಚು ಕರಗಿಹೋಗುತ್ತದೆ. ಮದುವೆ ಮನೆಯಲ್ಲೂ ಇದೇ ಉಪಾಯ. ನಿಮ್ಮ ಬೆನ್ನ ಹಿಂದೆ ಬಿಳಿ ಪಂಚೆ ಅಗಲಕ್ಕೆ ಕಟ್ಟಿ, ಫ್ಲ್ಯಾಶಿನ ತಲೆ ಅದರ ಕಡೆ ತಿರುಗಿಸಿ ಹೊಡೆಯಿರಿ. ಜರಿ ಅಂಚಿನದು ಬೇಡ, ನೀಲಿ ಹಾಕಿ ಒಗೆದದ್ದಂತೂ ಬೇಡವೇ ಬೇಡ. ಹೀಗೆ ಹೊಡೆದರೆ ಬೆಳಕು ಸುಮಾರು ಸೋರಿಹೋಗುತ್ತದೆ. ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 800, ಲೆನ್ಸಿನ ಕಂಡಿ ಎಫ್4ರಿಂದ ಶುರು ಮಾಡಿ ನೋಡಿ. ಶಟರ್ ವೇಗ 1/60 ಸೆಕೆಂಡಿಗೆ ಇಳಿಸಿದರೆ ಕಿಟಕಿ ಬೆಳಕೂ ಒಳಗೆ ಬಂದು ನೆರಳನ್ನು ತಿಳಿ ಮಾಡುತ್ತದೆ.

ಮುಂದೆ ಬರಲು ಜಾಗವೇ ಇಲ್ಲವೇ? ಸುಣ್ಣದ ಗೋಡೆ ಬಿಟ್ಟು ಬೀಟೆ ಬಾಗಿಲ ಮುಂದೆ ನಿಲ್ಲಿಸಿ. ಕಪ್ಪು ಮರದ ಮೇಲೆ ನೆರಳು ಯಾರಿಗೆ ಕಾಣುತ್ತದೆ? ಹಗಲಾದರೆ ಸುಮ್ನೆ ಜಗಲಿಗೆ ಕರೆತನ್ನಿ, ಫ್ಲ್ಯಾಶ್ ಚೀಲದಲ್ಲೇ ಇರಲಿ.

ಪ್ರಶ್ನೆ: ನಮ್ಮದು ಎಂಟು ಅಡಿಯ ಅಂಗಡಿ. ಪಾಸ್‌ಪೋರ್ಟ್ ಫೋಟೋದಲ್ಲಿ ಕಿವಿ ಹಿಂದೆ ನೆರಳು ಬರುತ್ತದೆ. ಸಾಫ್ಟ್‌ವೇರಿನಲ್ಲಿ ಅಳಿಸುತ್ತಾ ಕೂತರೆ ಗಿರಾಕಿ ಕಾಯುವುದಿಲ್ಲ.
– ಸಾಗರದ ಓದುಗರು

ಉತ್ತರ: ಅಳಿಸಬೇಡಿ, ಕೂದಲು ಕತ್ತರಿಸಿ ಅಂಟಿಸಿದ ಹಾಗಾಗುತ್ತದೆ. ಸ್ಟೂಲನ್ನು ಮೂರು ಅಡಿಯಾದರೂ ಮುಂದೆ ತನ್ನಿ. ಎರಡೂ ಪಕ್ಕ ಛತ್ರಿ ಲೈಟು ಒಂದೇ ಎತ್ತರ, ಒಂದೇ ಪವರ್. ಆಮೇಲೆ ಹಳೆಯ ಫ್ಲ್ಯಾಶ್ ಒಂದಿದ್ದರೆ ಸ್ಲೇವ್ (ಬೇರೆ ಫ್ಲ್ಯಾಶಿನ ಬೆಳಕು ಕಂಡೊಡನೆ ಇದನ್ನೂ ಹೊಡೆಸುವ ಸಾಧನ) ಹಾಕಿ, ಸ್ಟೂಲಿನ ಹಿಂದೆ ನೆಲದಲ್ಲಿಟ್ಟು ಬಿಳಿ ಪರದೆಗೆ ಮುಖ ಮಾಡಿಸಿ. ಪವರ್ ಮಾತ್ರ ಕಡಿಮೆ ಇರಲಿ. ಜಾಸ್ತಿಯಾದರೆ ಪರದೆಯ ಬೆಳಕು ತಿರುಗಿ ಬಂದು ಕಿವಿ ಅಂಚನ್ನೇ ತಿಂದುಬಿಡುತ್ತದೆ.