ಚಕಮಕಿ ಕೋವಿ ಮಕ್ಕಳಿಗೆಂದೇ ಮಾಡಿದ್ದು ಅಂತ ಯಾವ ಮುದ್ರೆಯಿಂದ ಗೊತ್ತಾಗುತ್ತೆ?

ಯಾವ ಮುದ್ರೆಯಿಂದಲೂ ಗೊತ್ತಾಗಲ್ಲ. 37 ಇಂಚಿನ ಕೋವಿ, ನಳಿಗೆ ಮೇಲೆ ಕಿರೀಟದ ಗುರುತು, ಮರದ ಹಿಡಿಯಲ್ಲಿ ಯಾರದೋ ಹೆಸರಿನ ಮೊದಲಕ್ಷರ ಕೆತ್ತಿದ ಬೆಳ್ಳಿ ತಗಡು ಅಂತ ನೀವು ಬರೆದದ್ದು ಓದುವಾಗಲೇ ನನಗೆ ಕಸಿವಿಸಿ ಶುರುವಾಯ್ತು. ಹೆಚ್ಚುಕಮ್ಮಿ ಇದೇ ಕೋವಿಯನ್ನ ನಾನೂ ಕೊಂಡಿದ್ದೆ.

ಹರಾಜಿನ ಹಿಂದಿನ ದಿನ ಸಾಮಾನು ನೋಡಲು ಬಿಟ್ಟಿದ್ದರು. ಜಾಣನ ಹಾಗೆ ಟೇಪು ಹಿಡಿದುಕೊಂಡೇ ಹೋಗಿದ್ದೆ. ಒಟ್ಟು ಉದ್ದ 38 ಇಂಚು. ಟ್ರಿಗರ್‌ನಿಂದ ಹಿಡಿಯ ಬುಡದವರೆಗೆ 11 ಇಂಚು. ದೊಡ್ಡವರ ಕೋವಿಯಲ್ಲಿ ಇದು ಸಾಮಾನ್ಯವಾಗಿ 13-14 ಇರುತ್ತೆ, ಹಾಗಾಗಿ ಮಗುವಿನದೇ ಅಂತ ತೀರ್ಮಾನ ಮಾಡಿಬಿಟ್ಟೆ. ತಗಡಿನ ಮೇಲೆ 1794 ಅಂತ ಬೇರೆ ಇತ್ತು. ಎತ್ತಿಕೊಂಡು ನೋಡಿದೆ. ಹಿಡಿಯ ಕತ್ತು, ಅಂದರೆ ಟ್ರಿಗರ್ ಹಿಂದೆ ಕೈ ಹಿಡಿಯುವ ಜಾಗ, ಅಂಗೈ ತುಂಬಾ ಕೂತಿತು, ತೋರುಬೆರಳು ಟ್ರಿಗರ್ ಕಾಪಿನೊಳಗೆ ಸಲೀಸಾಗಿ ಹೋಯ್ತು. ಎಷ್ಟು ಹಿತವಾಗಿದೆ, ಎಂಥ ಕೆಲಸಗಾರ ಮಾಡಿರಬೇಕು ಅಂತ ಮನಸ್ಸಲ್ಲೇ ಹೊಗಳಿದೆ.

ನನ್ನನ್ನ ಮುಳುಗಿಸಿದ್ದು ಆ ಹಿತ. ಹತ್ತು ವರ್ಷದ ಮಗುವಿಗೆ ಮಾಡಿದ ಕೋವಿ ನನ್ನ ಕೈಗೆ ಯಾಕೆ ಹಿತವಾಗಬೇಕು? ಮಗುವಿನ ಅಂಗಿ ನಿಮಗೆ ಸರಿಹೋದರೆ ಅದು ಮಗುವಿನ ಅಂಗಿಯೇ? ಉದ್ದವನ್ನ ಗರಗಸದಿಂದ ಕಡಿಮೆ ಮಾಡಬಹುದು, ಹತ್ತು ನಿಮಿಷದ ಕೆಲಸ. ಆದರೆ ಹಿಡಿಯ ಕತ್ತು, ಟ್ರಿಗರ್ ಕಾಪು, ಲಾಕ್ ಪ್ಲೇಟು (ಕಿಡಿ ಹಾರಿಸುವ ಲಾಕ್ ಅನ್ನೋ ಯಂತ್ರವನ್ನ ಕೂರಿಸಿದ ಪಕ್ಕದ ತಗಡು), ಚಕಮಕಿ ಕಲ್ಲು ಕಚ್ಚಿಸುವ ದವಡೆ ಇವನ್ನೆಲ್ಲ ಗರಗಸ ಚಿಕ್ಕದು ಮಾಡಲಾರದು. ಮಗುವಿಗೆಂದೇ ಕೂತು ಮಾಡಿದವನು ಎಲ್ಲವನ್ನೂ ಕುಗ್ಗಿಸಿರುತ್ತಾನೆ. ಲಾಕ್‌ಗೆ ಪಿಸ್ತೂಲಿನ ಅಳತೆಯದ್ದೇ ಸಾಕಾಗುತ್ತೆ, ಕತ್ತು ಸಣ್ಣ, ನಳಿಗೆಯೂ ತೆಳು. ದೊಡ್ಡವರು ಹಿಡಿದರೆ ಬೆರಳುಗಳು ಒಂದರ ಮೇಲೊಂದು ಬೀಳಬೇಕು, ತೋರುಬೆರಳು ಕಾಪಿನೊಳಗೆ ಇಕ್ಕಟ್ಟಾಗಬೇಕು. ನಾನು ಅಳೆದದ್ದು ಎರಡು ಉದ್ದಗಳನ್ನ, ಅಂದರೆ ಕತ್ತರಿಸಬಹುದಾದ ಎರಡೇ ಎರಡು ಕಡೆಗಳನ್ನ. ಕತ್ತರಿಸಲಾಗದ ಒಂದನ್ನೂ ಅಳೆಯಲಿಲ್ಲ. ಲಾಕ್ ಪ್ಲೇಟಿಗೆ ಟೇಪು ಹಿಡಿದಿದ್ದರೆ ಐದೂವರೆ ಇಂಚು, ದೊಡ್ಡವರ ಅಳತೆಯೇ ಅಂತ ಅಲ್ಲೇ ಕಾಣುತ್ತಿತ್ತು, ಮನೆಗೆ ಬರಿಗೈಯಲ್ಲಿ ನೆಮ್ಮದಿಯಾಗಿ ಬರುತ್ತಿದ್ದೆ.

ಗೊತ್ತಾದದ್ದು ಎರಡು ವರ್ಷದ ಮೇಲೆ, ಹಳೇ ಕೋವಿ ರಿಪೇರಿ ಮಾಡುವವರೊಬ್ಬರು ಪಿನ್ನು ತೆಗೆದು ನಳಿಗೆಯನ್ನ ಮರದಿಂದ ಬಿಡಿಸಿದಾಗ. ನಳಿಗೆಯ ಅಡಿಮೈಯಲ್ಲಿ, ಬಾಯಿಗೆ ಅರ್ಧ ಇಂಚು ದೂರದಲ್ಲಿ, ಪಿನ್ನು ಹಿಡಿಯುವ ಕೊಂಡಿ ಕೂರಿಸುವ ಒಂದು ಖಾಲಿ ತೋಡು ಇತ್ತು. ಆ ಜಾಗದಲ್ಲಿ ಅದಕ್ಕೆ ಕೆಲಸವೇ ಇಲ್ಲ, ನಳಿಗೆ ಹಿಂದೆ ಇನ್ನೂ ಉದ್ದವಿದ್ದರೆ ಮಾತ್ರ ಇತ್ತು. ಬುಡದ ಹಿತ್ತಾಳೆ ತಗಡು ಬಿಚ್ಚಿದರೆ ಹಳೇ ಸ್ಕ್ರೂ ತೂತುಗಳ ತುದಿಗೆ ಮರದ ಬೆಣೆ ಹೊಡೆದು ಮುಚ್ಚಿದ್ದರು. ಬೆಳ್ಳಿ ತಗಡಿನ ಅಡಿಯ ಮರ ಈಗಷ್ಟೇ ಉಳಿಯಲ್ಲಿ ಕೆತ್ತಿದ ಹಾಗೆ ಬೆಳ್ಳಗಿತ್ತು. 1794 ಅಂತೆ!

ಈಗ ನಿಮ್ಮ ಕಿರೀಟದ ವಿಷಯ. ಅಂಥ ಮುದ್ರೆ ಹೇಳೋದು ಇಷ್ಟೇ: ಈ ನಳಿಗೆಗೆ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡಿದ್ದೇವೆ, ಒಡೆಯಲಿಲ್ಲ. ಯಾರ ಕೈಗೆ ಮಾಡಿದ್ದು ಅಂತ ಅದಕ್ಕೇನು ಗೊತ್ತು? ಸುಳ್ಳು ಹಿಡಿಯೋಕೆ ಮಾತ್ರ ಚೆನ್ನಾಗಿ ಒದಗುತ್ತೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕೋವಿ ಪರೀಕ್ಷಾಲಯ ಶುರುವಾದದ್ದೇ 1813ರ ಕಾಯಿದೆಯಿಂದ. ಬೆಲ್ಜಿಯಮ್ಮಿನ ಲಿಯೇಜ್‌ನವರ ಮೊಟ್ಟೆಯಾಕಾರದ 'ಇಎಲ್‌ಜಿ' ಗುರುತಿನ ಮೇಲೆ ಕಿರೀಟ ಬಂದದ್ದು 1893ರಲ್ಲಿ. ನಿಮ್ಮದು ಆ ಥರದ್ದಾಗಿದ್ದು, ತಗಡಿನ ಮೇಲೆ ಅದಕ್ಕಿಂತ ನೂರು ವರ್ಷ ಹಳೇ ಇಸವಿ ಇದ್ದರೆ ಕತೆ ಅಲ್ಲಿಗೇ ಮುಗೀತು.

ಗಿಡ್ಡ ನಳಿಗೆ ಕಂಡ ಕೂಡಲೇ ಮಗುವಿನದು ಅನ್ನಬೇಡಿ, ಕುದುರೆ ಸವಾರರ ಕಾರ್ಬೈನುಗಳೂ ಗಿಡ್ಡವೇ. ಲಾಕ್‌ನ ಒಳಗೂ ಒಮ್ಮೆ ನೋಡಿಸಿ. 1820-40ರ ಸುಮಾರಿಗೆ ಎಷ್ಟೋ ಚಕಮಕಿ ಕೋವಿಗಳನ್ನ ಕೇಪಿನ ಕೋವಿಗಳಾಗಿ (ಕಲ್ಲಿನ ಬದಲು ಬಡಿದರೆ ಸಿಡಿಯುವ ಪುಟ್ಟ ಲೋಹದ ಟೋಪಿಯಿಂದ ಹೊತ್ತಿಕೊಳ್ಳುವಂಥವು) ಬದಲಿಸಿದರು. ಆಮೇಲೆ ಹಳೇದಕ್ಕೆ ಬೆಲೆ ಬಂತು ಅಂತ ಮತ್ತೆ ಚಕಮಕಿಗೇ ತಿರುಗಿಸಿದ್ದೂ ಉಂಟು. ಕಿಡಿ ಬೀಳುವ ಮದ್ದಿನ ಬಟ್ಟಲು ನುಣ್ಣಗಿದ್ದು ಪಕ್ಕದ ನಳಿಗೆ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಅನುಮಾನಪಡಿ. ಇನ್ನೊಂದು, ಮರ ಕಾಲಕ್ರಮೇಣ ಕುಗ್ಗುತ್ತೆ, ಲೋಹ ಕುಗ್ಗಲ್ಲ. ಇನ್ನೂರು ವರ್ಷದ ಕೋವಿಯಲ್ಲಿ ಬುಡದ ತಗಡಿನ ಅಂಚು ಮರಕ್ಕಿಂತ ಕೂದಲೆಳೆಯಷ್ಟಾದರೂ ಎದ್ದು ಬೆರಳಿಗೆ ತಾಗಬೇಕು. ನನ್ನದು ಗಾಜಿನಷ್ಟು ನಯವಾಗಿತ್ತು, ಅದನ್ನೂ ಕೈಚಳಕ ಅಂದುಕೊಂಡಿದ್ದೆ.

ಇದೆಲ್ಲಕ್ಕಿಂತ ಮೊದಲು, ಒಳಗೆ ಮದ್ದುಗುಂಡು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಉದ್ದನೆಯ ಮರದ ಕಡ್ಡಿಯನ್ನ ನಳಿಗೆಯೊಳಗೆ ಪೂರ್ತಿ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ತೆಗೆದು ಹೊರಗಿನಿಂದ ಜೋಡಿಸಿ ನೋಡಿ. ಬಟ್ಟಲಿನ ಬೆಂಕಿ ನಳಿಗೆಯೊಳಗೆ ಹೋಗುವ ತೂತಿನ ತನಕ ಬರದಿದ್ದರೆ ಮುಟ್ಟಬೇಡಿ, ತಿಳಿದವರ ಹತ್ತಿರ ಒಯ್ಯಿರಿ.

ಅಪ್ಪನೊಬ್ಬ ತನ್ನ ಹಳೇ ಕೋವಿಯನ್ನ ಆ ಕಾಲದಲ್ಲೇ ಮಗನಿಗೆ ಅಂತ ಕತ್ತರಿಸಿಕೊಟ್ಟಿದ್ದರೆ ಅದೂ ಮಗುವಿನ ಕೋವಿಯೇ, ನನಗಂತೂ ಅದು ಅರಮನೆಯ ಆಟಿಕೆಗಿಂತ ಹೆಚ್ಚು ಇಷ್ಟ. ಮಕ್ಕಳಿಗೆಂದೇ ಮಾಡಿದ್ದು ಅಂತ ಹೇಳಿ ಮಾರಬಾರದು, ಅಷ್ಟೇ. ಹಾಗಾಗಿ ಮುದ್ರೆಯ ಫೋಟೋ ಇನ್ನೂ ನಾಲ್ಕು ಹಾಕಬೇಡಿ. ನಿಮ್ಮ ಕೈ ಆ ಹಿಡಿಯ ಕತ್ತನ್ನ ಹಿಡಿದಿರುವ, ಬೆರಳು ಕಾಪಿನೊಳಗಿರುವ ಒಂದು ಫೋಟೋ ಹಾಕಿ.