ನಾನೂ ಸ್ಮೈಲಿ ಕಳಿಸಿದ್ದೆನಲ್ಲ!

ಪ್ರಶ್ನೆ: ನನಗೆ 24 ವರ್ಷ. ಕೆಲಸಕ್ಕೆ ಸೇರಿ ಐದು ತಿಂಗಳಾಯಿತು, ಇನ್ನೂ ಪ್ರೊಬೇಷನ್. ಟೀಮ್ ಲೀಡರ್ ಕೆಲಸ ತೋರಿಸುವ ನೆಪದಲ್ಲಿ ಭುಜದ ಮೇಲೆ ಕೈ ಇಡುತ್ತಾರೆ. ರಾತ್ರಿ ಹನ್ನೊಂದರ ಮೇಲೆ ‘ಮಲಗಿದ್ಯಾ? ಇವತ್ತು ಸೂಪರಾಗಿ ಕಾಣ್ತಿದ್ದೆ’ ಎಂದು ವಾಟ್ಸ್‌ಆ್ಯಪ್ ಮಾಡುತ್ತಾರೆ. ಅವರಿಗೆ ಸಿಟ್ಟು ಬಂದೀತೆಂದು ಎರಡು ಸಲ ಸ್ಮೈಲಿ ಕಳಿಸಿದ್ದೆ. ಈಗ ದೂರು ಕೊಟ್ಟರೆ ‘ನೀನೂ ನಗ್ತಿದ್ದೆಯಲ್ಲ’ ಅನ್ನುವುದಿಲ್ಲವೇ? ಅಮ್ಮನಿಗೆ ಹೇಳಿದರೆ ಕೆಲಸ ಬಿಡು ಅನ್ನುತ್ತಾರೆ.

ಉತ್ತರ: ಮುಟ್ಟಿದವರು ಅವರು, ಲೆಕ್ಕ ಒಪ್ಪಿಸುತ್ತಿರುವವರು ನೀವು! ನೌಕರಿ ಖಾಯಂ ಮಾಡುವವರ ಎದುರು ನಕ್ಕು ಸುಮ್ಮನಾಗುವುದು ಭಯಕ್ಕೆ. ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳವಾಗದಂತೆ ತಡೆಯುವ 2013ರ ಕಾಯ್ದೆ ಕೇಳುವುದು ಆ ವರ್ತನೆ ನಿಮಗೆ ಬೇಡವಾಗಿತ್ತೇ ಎಂದು. ಪ್ರೊಬೇಷನ್‌ನಲ್ಲಿರುವವರೂ ಅದರ ವ್ಯಾಪ್ತಿಯಲ್ಲಿದ್ದಾರೆ.

ಆ ಚಾಟ್ ಅಳಿಸಬೇಡಿ. ಅಸಹ್ಯವೆನಿಸಿ ಅಳಿಸಿಬಿಡುವ ಮನಸ್ಸಾಗುತ್ತದೆ, ಗೊತ್ತು. ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಡಿ. ಕೈ ಇಟ್ಟ ದಿನ, ಹೊತ್ತು, ಹತ್ತಿರ ಯಾರಿದ್ದರು ಎಂಬುದನ್ನು ಇವತ್ತೇ ಬರೆದುಕೊಳ್ಳಿ. ಮುಂದಿನ ಸಲ ಮೆಸೇಜ್ ಬಂದಾಗ ‘ಸರ್, ಇಂಥ ಮೆಸೇಜ್ ಮಾಡಬೇಡಿ. ಮುಟ್ಟಿ ಮಾತಾಡುವುದೂ ನನಗೆ ಇಷ್ಟವಿಲ್ಲ’ ಎಂದು ಅಲ್ಲೇ ಬರೆಯಿರಿ. ಬರೆಯಲು ಧೈರ್ಯ ಬರದಿದ್ದರೂ ದೂರು ಕೊಡಲು ಅಡ್ಡಿಯಿಲ್ಲ.

ಹತ್ತು ಅಥವಾ ಹೆಚ್ಚು ಜನರಿರುವ ಕಚೇರಿಯಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆ, ಹೊರಗಿನ ಸದಸ್ಯರೊಬ್ಬರೂ ಇರುತ್ತಾರೆ. ಎಚ್‌ಆರ್ ಹತ್ತಿರ ಅತ್ತು ಬಂದರೆ ಅದು ದೂರು ಎನಿಸುವುದಿಲ್ಲ. ಸಮಿತಿಗೆ ಬರವಣಿಗೆಯಲ್ಲೇ ಕೊಡಿ. ಕೊನೆಯ ಘಟನೆ ನಡೆದ 3 ತಿಂಗಳೊಳಗೆ ಕೊಡಬೇಕು. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು ಸಿಗಬಹುದು. ಸಮಿತಿಯೇ ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ.

ನಿಮ್ಮ ನಿಜವಾದ ಹೆದರಿಕೆ ಪ್ರೊಬೇಷನ್‌ನದು, ಅಲ್ಲವೇ? ತನಿಖೆ ನಡೆಯುವಾಗ ನಿಮ್ಮ ಕೆಲಸದ ಮೌಲ್ಯಮಾಪನವನ್ನು ಆ ಟೀಮ್ ಲೀಡರ್ ಕೈಯಿಂದ ತೆಗೆದು ಬೇರೆಯವರಿಗೆ ಕೊಡಿ ಎಂದು ಲಿಖಿತವಾಗಿ ಕೇಳಿ. ಹಾಗೆ ಶಿಫಾರಸು ಮಾಡುವ ಅಧಿಕಾರ ಸಮಿತಿಗಿದೆ. ಬಹಳ ಮಂದಿಗೆ ಇದು ಗೊತ್ತಿರುವುದಿಲ್ಲ, ಕೇಳುವುದೂ ಇಲ್ಲ. ಬೇರೆ ವಿಭಾಗಕ್ಕೆ ವರ್ಗ, 3 ತಿಂಗಳವರೆಗೆ ರಜೆ ಕೂಡ ಕೇಳಬಹುದು. ತನಿಖೆ 90 ದಿನಗಳಲ್ಲಿ ಮುಗಿಯಬೇಕು. ಆ ದಿನಗಳು ಸುಲಭವಲ್ಲ. ಕೆಲವು ಸಹೋದ್ಯೋಗಿಗಳು ಮುಖ ತಿರುಗಿಸಿಯಾರು.

ಅಮ್ಮನಿಗೆ ಹೇಳಿ. ‘ಕೆಲಸ ಬಿಡಲಾ?’ ಎಂದು ಕೇಳಬೇಡಿ. ‘ದೂರು ಬರೀತಿದ್ದೀನಿ, ಪಕ್ಕದಲ್ಲಿ ಕೂತ್ಕೋ’ ಅನ್ನಿ.